ಪರದೆಯ ಮೇಲೆ ಅತ್ತೆ

ನಲ್ಲೂರು,
೧೭ ಫೆಬ್ರವರಿ ೨೦೧೪

ಪ್ರೀತಿಯ ನಿಮಗೆ,

ಗುವಾಹಟಿಯ ಚಳಿ ಇಳಿಯಿತೇ? ಗಂಟಲು ಹೇಗಿದೆ? ಮೊನ್ನೆ ಫೋನಿನಲ್ಲಿ ಬಿಸಿನೀರೇ ಕುಡಿಯುತ್ತಿದ್ದೇನೆ ಎಂದಿರಿ. ಹಾಗೆ ಹೇಳುವಾಗಲೇ ಎರಡು ಸಲ ಕೆಮ್ಮಿದಿರಿ. ಇಲ್ಲಿ ನಾನು, ಅತ್ತೆ ಇಬ್ಬರೂ ಚೆನ್ನಾಗಿದ್ದೇವೆ ಎಂದು ಬರೆದು, ಒಂದು ಗಳಿಗೆ ಪೆನ್ನು ನಿಲ್ಲಿಸಿದೆ. ಅತ್ತೆಯದೇ ಒಂದು ವಿಷಯವಿದೆ, ಫೋನಿನಲ್ಲಿ ಹೇಳುವಂತಿಲ್ಲ. ನಿಮ್ಮ ಫೋನು ಬಂತೆಂದರೆ ಅತ್ತೆ ನನ್ನ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಅದಕ್ಕೇ ಈ ಕಾಗದ.

ನಿನ್ನೆ ದೇವನಹಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ಕಂಪ್ಯೂಟರ್ ಕೆಲಸದವರ ಕೂಟವಿತ್ತು. ಸುತ್ತಮುತ್ತಲ ತಾಲ್ಲೂಕಿನ ಹುಡುಗ ಹುಡುಗಿಯರು ಕಟ್ಟಿಕೊಂಡ ಬಳಗ. ಹಾಡು, ಆಟ, ಊಟ, ಅದರ ಜೊತೆಗೆ ದಿಕ್ಕಿಲ್ಲದ ಮುದುಕರಿಗೆ ನೆರವು. ನನ್ನ ಹಳೇ ವಿದ್ಯಾರ್ಥಿನಿ, ಹೊಸಕೋಟೆಯ ದಿವ್ಯ, ಕಾಲೇಜಿಗೇ ಬಂದು ಕರೆದಿದ್ದಳು. ಹೋದೆ, ಆದರೆ ಅನುಮಾನದಿಂದಲೇ. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಯಾರಾದರೂ ಸುಮ್ಮನೆ ಏನಾದರೂ ಕೊಟ್ಟಿದ್ದುಂಟೇ? ಬಾಗಿಲಲ್ಲೇ ಕೊರಳಿಗೆ ಹೆಸರಿನ ಚೀಟಿ ಹಾಕಿದರು. ಅನಿಲ್‌ಕುಮಾರ್ ಎಂಬ ಹುಡುಗ ಪಾನಕ ಕೊಡುತ್ತಾ, "ನಲ್ಲೂರಾ ಮೇಡಂ? ಏರ್‌ಪೋರ್ಟ್‌ಗೆ ಎಷ್ಟು ದೂರ ಆಗುತ್ತೆ?" ಎಂದ. ಆ ಪ್ರಶ್ನೆ ಕೇಳಿದವರೆಲ್ಲ ಆಮೇಲೆ ಜಮೀನಿನ ಪಹಣಿ ಕೇಳಿದ್ದನ್ನು ನೋಡಿದ್ದೇನೆ. "ನಡ್ಕೊಂಡು ಹೋದ್ರೆ ದೂರಾನೇ ಕಣಪ್ಪಾ" ಎಂದೆ. ಪಾನಕ ಮುಟ್ಟಲಿಲ್ಲ.

ದೀಪ ಆರಿಸಿ, ನೆರವು ಬೇಕಾದವರ ಚಿತ್ರಗಳನ್ನು ಪರದೆಯ ಮೇಲೆ ತೋರಿಸತೊಡಗಿದರು. ಒಬ್ಬರಿಗೆ ಊರುಗೋಲು, ಇನ್ನೊಬ್ಬರಿಗೆ ಕಂಬಳಿ. ಆಮೇಲೆ, ಗೋಡೆಯಷ್ಟು ದೊಡ್ಡದಾಗಿ, ನಿಮ್ಮ ಅಮ್ಮ! ಹುಣಸೆಹಣ್ಣಿನ ಬೀಜ ಬಿಡಿಸುವಾಗ ಉಡುವ ಆ ಹರಕಲು ಸೀರೆ, ಕೆದರಿದ ತಲೆ, ಹಿಂದೆ ನಮ್ಮದೇ ಹಿತ್ತಲ ಗೋಡೆ. ಕೆಳಗೆ ದಪ್ಪ ಅಕ್ಷರದಲ್ಲಿ 'ನರಸಮ್ಮ, ಯಾರೂ ಇಲ್ಲ' ಎಂದಿತ್ತು. ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು, "ಪಾಪ! ಸೊಸೆ ಅನ್ನೋಳು ಇದ್ರೂ ಆಚೆಗೆ ಓಡಿಸಿರ್ತಾಳೆ ಬಿಡಿ" ಎಂದರು. "ಹೂಂ" ಎಂದೆ. ಮುಂದೆ ಮೈಕಿನಲ್ಲಿ ಏನು ಹೇಳಿದರೋ ನನಗೆ ಕೇಳಿಸಲಿಲ್ಲ.

ದಿವ್ಯಳನ್ನು ಮೂಲೆಗೆ ಕರೆದು, ಆ ಅಜ್ಜಿಗೆ ಯಾರೂ ಇಲ್ಲ ಎಂದವರು ಯಾರು ಎಂದು ಕೇಳಿದೆ. ಅವರು ನನ್ನ ಅತ್ತೆ ಎನ್ನುವ ಧೈರ್ಯ ಬರಲಿಲ್ಲ. "ಅಜ್ಜೀನೇ ಮ್ಯಾಮ್. ಊರೂರು ಸುತ್ತುವಾಗ ಸಿಕ್ಕಿದ್ರು. ಮಗ ಸೊಸೆ ಇಲ್ವಾ ಅಜ್ಜೀ ಅಂದ್ರೆ, ಇಲ್ಲ ಕಣವ್ವಾ, ನಂಗ್ಯಾರೂ ಇಲ್ಲ ಅಂದ್ಬಿಟ್ರು" ಎಂದಳು. ಅವಳೇ ಕಥೆ ಕಟ್ಟಿರಬೇಕೆಂದು ಮುಖ ನೋಡಿದೆ. ಸುಳ್ಳು ಹೇಳುವವಳ ಮುಖವಲ್ಲ ಅದು.

ಮನೆಗೆ ಬಂದರೆ ಅತ್ತೆ, "ಪಾಯ್ಸ ಹಾಕಿದ್ರೇನೇ?" ಎಂದು ಕೇಳಿದರು. ಪರದೆಯ ಸಂಗತಿ ಹೇಳಿದೆ.

"ನನ್ನಂಗೇ ಇರೋ ಯಾವಳೋ ಇರ್ಬೇಕು ಬಿಡು."

"ಹಿತ್ಲೂ ನಮ್ದೇ ಇತ್ತಲ್ಲ ಅತ್ತೆ?"

"ಹಿತ್ಲು ಎಲ್ರದ್ದೂ ಒಂದೇ ತರ ಇರ್ತವೆ ಕಣೇ" ಎಂದು ಎದ್ದು ಹೋದರು.

ನೀವು ಹೋದ ಮೇಲೆ ಸಂಜೆ ಕವನ ಸಂಕಲನ ಹಿಡಿದು ಕೂತರೆ ಅವರ ಮಾತಿಗೆ ತಲೆಯಾಡಿಸುತ್ತೇನೆ, ಅಷ್ಟೇ. ನಿಜ. ಅದಕ್ಕೇ ಯಾರೂ ಇಲ್ಲದಂತಾಗಿಬಿಟ್ಟಿತೇ? ಅಥವಾ ನನ್ನ ಮೇಲೆ ನಿಮ್ಮ ಹತ್ತಿರ ಏನಾದರೂ ದೂರು ಹೇಳಿಕೊಂಡಿದ್ದಾರೆಯೇ? ನೀವೂ ಮುಚ್ಚಿಡುತ್ತಿಲ್ಲ ತಾನೇ? ಮುಲಾಜಿಲ್ಲದೆ ಬರೆಯಿರಿ.

ಬಿಸಿಲು ಬಂತೆಂದು ಸ್ವೆಟರ್ ಬಿಚ್ಚಬೇಡಿ. ಅತ್ತೆಯ ಆಶೀರ್ವಾದವನ್ನು ಅವರಿಗೆ ತಿಳಿಸದೆಯೇ ಸೇರಿಸಿದ್ದೇನೆ.

ನಿಮ್ಮ
ಶಾಮಲಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಬಂದು ಬಾಗಿಲು ಹಿಡಿದು ನಿಂತರು. ಬಲಗಣ್ಣಿಗೆ ಪೊರೆ ಬಂದು ದೀಪಾವಳಿಯಿಂದ ಏನೂ ಕಾಣುತ್ತಿಲ್ಲವಂತೆ, ಎಡಗಣ್ಣೂ ಮಂಜಂತೆ. ಆ ಹುಡುಗರು ಪೊರೆ ತೆಗೆಸುತ್ತಾರಂತೆ, ಆದರೆ ಯಾರೂ ಇಲ್ಲದವರಿಗೆ ಮಾತ್ರ. ನನಗೇಕೆ ಹೇಳಲಿಲ್ಲ ಎಂದರೆ, "ಕಣ್ಣು ಕಾಣಲ್ಲ ಅಂದಿದ್ರೆ ನನ್ನ ಒಲೆ ಹತ್ರ ಬಿಡ್ತಿದ್ದೇನೇ? ಮೂಲೇಲಿ ಕೂರ್ಸಿ ತಟ್ಟೆ ಕೈಗೆ ಕೊಡ್ತಿದ್ದೆ" ಎಂದರು. ನಿಜ ಹೇಳಬೇಕೆಂದರೆ, ಬಿಡುತ್ತಿರಲಿಲ್ಲ. ದಿವ್ಯಳಿಗೆ ಫೋನು ಮಾಡಿ ಇದ್ದದ್ದು ಹೇಳಿದೆ. ಆ ನೆರವು ನಿಜವಾಗಿ ದಿಕ್ಕಿಲ್ಲದವರಿಗೆ ಹೋಗಲಿ. ಒಲೆ ಬಿಡಿಸುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಅತ್ತೆ ನಮ್ಮ ಜೊತೆ ಆಸ್ಪತ್ರೆಗೆ ಬರಲು ಒಪ್ಪಿದ್ದಾರೆ. ಬೇಗ ರಜೆ ಹಾಕಿ ಬನ್ನಿ. ಜೊತೆಗೆ ಯಾರಿದ್ದಾರೆ ಎಂದು ಡಾಕ್ಟರು ಕೇಳಿದರೆ, ನಾನು ಎದುರಿಗೇ ನಿಂತಿದ್ದರೂ ಯಾರೂ ಇಲ್ಲ ಅಂದುಬಿಟ್ಟಾರು; ಇವರನ್ನು ನಂಬುವಂತಿಲ್ಲ.