ಮುಖ್ಯ ಪಾಲುದಾರರು ಬೇಡವೆಂದ ದನಿ

ಪ್ಲೊವ್‌ದಿವ್
ಅಕ್ಟೋಬರ್ 9

ಪ್ರೀತಿಯ ದೋಂಕಾ,

ಚೆನ್ನಾಗಿದ್ದೀಯಾ? ಇಷ್ಟು ಪತ್ರ ಬರೆದರೂ ನನ್ನಿಂದ ಉತ್ತರವಿಲ್ಲವೆಂದು ಮುನಿಸಿಕೊಂಡಿರುತ್ತೀ. ಬೈದುಕೋ, ತಪ್ಪಿಲ್ಲ. ದಪ್ಪಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಲ್ಯುತೆನಿತ್ಸಾ ಗೊಜ್ಜು ಕಾಯಿಸಿ ಸೀಸೆಗೆ ತುಂಬುವಷ್ಟರಲ್ಲಿ ತಿಂಗಳೇ ಕಳೆಯಿತು. ನಿನ್ನ ಪಾಲು ಎತ್ತಿಟ್ಟಿದ್ದೇನೆ.

ಕಣ್ಣಿಲ್ಲದವರಿಗೆ ಪರದೆಯನ್ನು ಓದಿ ಹೇಳುವ ನಮ್ಮ ಮುಕ್ತ ತಂತ್ರಾಂಶದ ಸುದ್ದಿ ಕೇಳಿದ್ದೀಯಲ್ಲ. ಅದರ ದನಿ ನನ್ನದೆಂದು ನೀನು ಎಷ್ಟು ಗೇಲಿ ಮಾಡಿಲ್ಲ! "ಏನೇ ರುಮ್ಯಾನಾ, ಕಟ್ಕೊಂಡ ಗಂಡನೂ ನಿನ್ನ ಮಾತು ಇಷ್ಟು ಕೇಳಿರಲ್ಲ ಕಣೆ!" ಎಲ್ಲರಿಗೂ ಬಿಟ್ಟಿ ಕೊಟ್ಟರೂ ಅದನ್ನು ನೋಡಿಕೊಳ್ಳುವವರು ಉಣ್ಣಬೇಕಲ್ಲ. ಅದಕ್ಕೇ ಪ್ರಾಯೋಜಕರಿಗೊಂದು ಯೋಜನೆ ಬರೆಯಲು ಕುಳಿತೆವು. 'ಕೊಟ್ಟವರಿಗೆ ಕೃತಜ್ಞತೆ ಸಲ್ಲುತ್ತದೆ, ಯಜಮಾನಿಕೆಯಲ್ಲ' ಎಂಬ ಮೊದಲ ಸಾಲು ನನ್ನದು. ಜೊತೆಗಾರ ಯಾವೋರ್, "ಅಕ್ಕಾ, ಬರೀ ಥ್ಯಾಂಕ್ಸ್‌ಗೆ ಯಾರು ಕೈ ಬಿಚ್ತಾರೆ?" ಎಂದು ಇನ್ನೊಂದು ಸೇರಿಸಿದ: ಹೆಚ್ಚು ಹಣ ಕೊಟ್ಟ ಮುಖ್ಯ ಪಾಲುದಾರರು ತಂತ್ರಾಂಶದಲ್ಲಿ ಒಂದು ಬದಲಾವಣೆ ಕೇಳಬಹುದು, ಆ ಭಾಗ ಯಾರದೋ ಅವರು ಒಪ್ಪಿದರೆ. ನನಗೂ ನ್ಯಾಯವೆನಿಸಿತು.

ಹೊರದೇಶದ ಕಂಪನಿಯೊಂದು ಮುಂದೆ ಬಂತು. ಕೇಳಿದ್ದು ನನ್ನದರ ಬದಲು ಹೊಸ, ಎಳೆಯ ದನಿ. ವಿಡಿಯೊ ಸಭೆಯಲ್ಲಿ ಅವರ ಕಡೆಯ ಹೆಂಗಸು, "ನಿಮ್ಮ ಒಪ್ಪಿಗೆ ಇದೆಯಾ ಮೇಡಂ?" ಎಂದಳು. ನನಗೆ ಗಂಟಲು ಸರಿಯಿರಲಿಲ್ಲ. ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ನಿನ್ನ ಕಣ್ಣಿಗೆ ಕಾಣದಿದ್ದರೂ ಕೇಳಿರುತ್ತೀ: ನಮ್ಮ ನಾಡಿನಲ್ಲಿ ಅದು 'ಬೇಡ', ಅವರಲ್ಲಿ 'ಆಗಲಿ'. ಅವಳು ಚಪ್ಪಾಳೆ ತಟ್ಟಿದಳು. ಗಾಬರಿಯಾಗಿ ಯಾವೋರನ ತೋಳು ಹಿಡಿದು ಅಲುಗಿಸಿದೆ. ಅವನೂ ಇದೇ ಊರಿನಲ್ಲಿ ಹುಟ್ಟಿದವನು. ಪರದೆಯತ್ತ ನಗುತ್ತಾ "ತುಂಬಾ ಸಂತೋಷ" ಎಂದ.

ಪರದೆ ಆರಿದ ಮೇಲೆ ನನ್ನ ಮುಖ ನೋಡದೆ ಹೇಳಿದ, "ಬರೀ ಒಂದು ದನಿ ತಾನೆ ಅಕ್ಕಾ? ಇವರು ಕೈ ಬಿಟ್ರೆ ಚಳಿಗಾಲಕ್ಕೆ ಬಾಗಿಲು ಹಾಕ್ಬೇಕು. ನಂಬಿಕೊಂಡವರು ಎಲ್ಲಿಗೆ ಹೋಗ್ಬೇಕು ಹೇಳಿ?" ಅದರಲ್ಲಿ ಸುಳ್ಳಿರಲಿಲ್ಲ ದೋಂಕಾ, ಅದೇ ನನಗೆ ಹೆಚ್ಚು ಸಂಕಟ. ಕೋಪಕ್ಕಿಂತ ಅಳು ಬಂತು. ಮರುದಿನ ಒಪ್ಪಿಗೆಗೆ ಸಹಿ ಹಾಕಿದೆ.

ನಿನ್ನ ಮೊಮ್ಮಗಳಿಗೆ ನನ್ನ ಆಶೀರ್ವಾದ. ಚಳಿ ಬಿದ್ದಿದೆ, ಮಂಡಿಗೆ ಉಣ್ಣೆ ಸುತ್ತಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ರುಮ್ಯಾನಾ

ಇದೊಂದು ಉಳಿಯಿತು: ಫೋನ್ ಎತ್ತುವುದಿಲ್ಲವೆಂದು ಬೇಸರಿಸಬೇಡ. ಬೇಸಿಗೆಯಲ್ಲಿ ಗಂಟಲಿನ ಗಡ್ಡೆಯ ಜೊತೆ ವೈದ್ಯರು ನನ್ನ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಯಾವೋರನಿಗೆ ಗೊತ್ತು, ಇಲ್ಲಿ ಎಲ್ಲರಿಗೂ ಗೊತ್ತು. ನಿನಗೆ ಹೇಳಲು ಮಾತ್ರ ಧೈರ್ಯ ಬರಲಿಲ್ಲ. ಈ ಪತ್ರವನ್ನು ಈಗ ನಿನ್ನ ಕಂಪ್ಯೂಟರಿನೊಳಗಿಂದ ನಿನಗೆ ಓದಿ ಹೇಳುತ್ತಿರುವುದು ನಾನೇ. ಹೊಸ ಆವೃತ್ತಿ ಬಂದರೆ ಹಾಕಿಕೊಳ್ಳಬೇಡ ಕಣೆ, ಹಳೆಯದನ್ನೇ ಇಟ್ಟುಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಒಂದು ಮನೆಯಲ್ಲಾದರೂ ನಾನು ಮಾತಾಡಿಕೊಂಡಿರುತ್ತೇನೆ.