ಸಹಿಯ ಜಾಗದಲ್ಲಿ ಪೆನ್ಸಿಲ್ ಗುರುತು

ತಾರ್ನಾಕ, ಹೈದರಾಬಾದ್
೧೪-೯-೨೦೦೩, ಭಾನುವಾರ

ಪ್ರೀತಿಯ ಅಮ್ಮನಿಗೆ ಕಮಲಾಕ್ಷಿಯ ನಮಸ್ಕಾರ.

ಮಂಡಿನೋವು ಹೇಗಿದೆ? ಮಾತ್ರೆ ತಗೊಂಡೆ ಎಂದು ಫೋನಿನಲ್ಲಿ ಸುಳ್ಳು ಹೇಳುತ್ತೀ, ನನಗೆ ಗೊತ್ತು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಬೇಕು. ಬರೆಯಲಾರೆ, ಅಷ್ಟು ಸಿಟ್ಟು ಬಂದಿದೆ.

ಕಾರ್ಖಾನೆಯ ಸ್ಟೋರಿನಲ್ಲಿ ಇಪ್ಪತ್ತಾರು ವರ್ಷ ಕಳೆದವಳು ನಾನು. ಯಾವ ಬಿಡಿಭಾಗ ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಈಗ ಅದನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಹೋದ ಮಂಗಳವಾರ ಮೀಟಿಂಗಿನಲ್ಲಿ ದೊಡ್ಡ ಸಾಹೇಬರು ಬಿಡಿಭಾಗಗಳ ಪಟ್ಟಿ ವಿವರಿಸಲು ಹೇಳಿದರು. ಎದ್ದು ನಿಂತು ಚೆನ್ನಾಗಿಯೇ ವಿವರಿಸಿದೆ. ಎಲ್ಲರೂ ಮಿಕಿಮಿಕಿ ನೋಡುತ್ತಿದ್ದರು. ಹಿಂದೆ ಕೂತಿದ್ದ ನಮ್ಮ ಕಲಬುರಗಿಯ ಗೊಲ್ಲಾಳಪ್ಪ ಮೆಲ್ಲಗೆ, "ಅಕ್ಕಾರ, ಹಿಂದಿಯೊಳಗ ಹೇಳ್ರಿ, ಇವರಿಗೆ ಕನ್ನಡ ತಿಳಿಯಂಗಿಲ್ಲ" ಎಂದ. ಐದು ನಿಮಿಷ ಕನ್ನಡದಲ್ಲೇ ಮಾತಾಡಿದ್ದೆನಮ್ಮಾ, ನನಗೇ ಗೊತ್ತಾಗಿರಲಿಲ್ಲ. ಆಮೇಲೆ ಹುಡುಕಿದರೆ ಹಿಂದಿಯ ಒಂದು ಪದವೂ ಬಾಯಿಗೆ ಬರಲಿಲ್ಲ. ಮೈಯೆಲ್ಲ ಕಾದು ಬೆವರು ಇಳಿಯಿತು.

ಲೇಡಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಮುಟ್ಟು ನಿಲ್ಲುವ ಕಾಲದಲ್ಲಿ ಹೀಗಾಗುವುದುಂಟು, ನಿದ್ದೆಗೆಟ್ಟರೆ ಇನ್ನೂ ಹೆಚ್ಚು, ನಿಮ್ಮ ಬುದ್ಧಿಗೇನೂ ಆಗಿಲ್ಲ, ಬಹಳ ಜನಕ್ಕೆ ಕ್ರಮೇಣ ಸರಿಹೋಗುತ್ತದೆ ಎಂದರು. ಮನೆಗೆ ಬಂದು ಹೇಳಿದರೆ ನಿನ್ನ ಅಳಿಯಂದಿರ ಕಿವಿಗೆ ಬಿದ್ದದ್ದು 'ಮರೆವು' ಎಂಬುದೊಂದೇ. ಅವರೂ ಅದೇ ಕಾರ್ಖಾನೆಯವರಲ್ಲವೇ, ಮರ್ಯಾದೆಯ ಪ್ರಶ್ನೆಯಂತೆ. ಸ್ವಯಂ ನಿವೃತ್ತಿಯ ಅರ್ಜಿ ತಂದು, ನನ್ನ ಹೆಸರು, ನಂಬರು ಎಲ್ಲ ತಾವೇ ತುಂಬಿ, ಸಹಿ ಎಲ್ಲಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದಾರೆ. ಅದೂ ನನಗೆ ತಿಳಿಯದೇನೋ! ಅರ್ಜಿ ಕೊಡಲು ನಾಳೆಯೇ ಕೊನೆಯ ದಿನ. ಸುಮಂತನೂ ಅಪ್ಪನ ಕಡೆ. ಅಮೀರ್‌ಪೇಟೆಯಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದ್ದೇ ತಡ, ನಿನ್ನ ಮೊಮ್ಮಗ ದೊಡ್ಡ ಪಂಡಿತನಾಗಿದ್ದಾನೆ. ಆ ಕೆಲಸ ಇನ್ನು ಮಷೀನು ಮಾಡುತ್ತದೆ, ನೀನು ಆರಾಮಾಗಿ ಮನೆಯಲ್ಲಿರು ಅನ್ನುತ್ತಾನೆ. ಆರಾಮ ಯಾರಿಗೆ ಬೇಕು? ನನಗೆ ನನ್ನ ಕೆಲಸ ಬೇಕು.

ರಾಯಚೂರಿನ ಬಿಸಿಲಲ್ಲಿ ಹೊರಗೆ ತಿರುಗಬೇಡ. ಅಣ್ಣ, ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಗಳು,
ಕಮಲಾಕ್ಷಿ

ತಾ.ಕ.: ಸಹಿ ಹಾಕುವುದಿಲ್ಲ ಎಂದು ಈಗಷ್ಟೇ ಅವರಿಗೆ ಹೇಳಿಬಂದೆ. ಹೇಳುವಾಗ ನಿನ್ನ ನೆನಪಾಯಿತು. ಬಾಲವಾಡಿಯ ಮಕ್ಕಳ ಹೆಸರು ಮರೆಯುತ್ತಾಳೆ ಎಂದು ಅಪ್ಪ ನಿನ್ನನ್ನು ಕೆಲಸ ಬಿಡಿಸಿದಾಗ ನಿನಗೂ ನಲವತ್ತೊಂಬತ್ತು. "ಸ್ವಲ್ಪ ದಿನ ತಾಳ್ರಿ, ಸರಿ ಆಗ್ತದ" ಎಂದು ನೀನು ಎಷ್ಟು ಬೇಡಿಕೊಂಡೆ. ಅಕ್ಷರ ದುಂಡಗಿದೆಯೆಂದು ನಿನ್ನ ರಾಜೀನಾಮೆ ಬರೆದುಕೊಟ್ಟವಳು ರಜೆಗೆ ಬಂದಿದ್ದ ನಾನೇ. ವರ್ಷ ಕಳೆಯುವುದರೊಳಗೆ ಆ ಮಕ್ಕಳ ಹೆಸರೆಲ್ಲ ನಿನಗೆ ನೆನಪಿಗೆ ಬಂದಿದ್ದವು. ಮತ್ತೆ ಕೆಲಸಕ್ಕೆ ಹೋಗುತ್ತೀಯಾ ಎಂದು ನಾವು ಯಾರೂ ಕೇಳಲಿಲ್ಲ. ತಪ್ಪಾಯಿತಮ್ಮಾ.