ದಾರ ಕಡಿಯುವ ಹಲ್ಲು

ಮಾರ್ಚ್ ೧೨

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಗಳು ಬಂದು ತಿಂಗಳಾಯಿತು. ಬೈಯಬೇಡ. ಫೋನ್ ಮಾಡಬಹುದಿತ್ತು, ಆದರೆ ದನಿ ಕೇಳಿದರೆ ಸಾಕು, ನನ್ನ ಹೊಟ್ಟೆಯೊಳಗಿದ್ದದ್ದನ್ನೆಲ್ಲ ನೀನು ಹೊರಗೆಳೆಯುತ್ತೀಯ. ಭಾವನ ಮಂಡಿ ಹೇಗಿದೆ? ನನ್ನ ಮಂಡಿಯೂ ಈಗ ಅವರ ಪಕ್ಷ ಸೇರಿದೆ.

ಹೋದ ವಾರ ಒಬ್ಬ ಟೈಲರಮ್ಮನಿಗೆ ಆಪರೇಷನ್ ಮಾಡಿದೆವು. ಕ್ಯಾನ್ಸರ್ ಹಿಡಿದ ದವಡೆ ತೆಗೆದು, ಅಲ್ಲಿಗೆ ಕಾಲಿನ ಮೂಳೆಯನ್ನು ಚರ್ಮದ ಸಮೇತ ತಂದು ಕೂರಿಸಿ, ಅದರ ರಕ್ತನಾಳಗಳನ್ನು ಕತ್ತಿನ ನಾಳಗಳಿಗೆ ಹೊಲಿಯುವುದು ನನ್ನ ಕೆಲಸ. "ಹಾಗಾದ್ರೆ ನಾವಿಬ್ರೂ ಒಂದೇ ಕಸುಬಿನವರು ಬಿಡಿ! ಆದ್ರೆ ಡಾಕ್ಟ್ರಮ್ಮ, ಮುಂದೆ ನಾನು ಹಲ್ಲಲ್ಲಿ ದಾರ ಕಡೀಬಹುದಾ?" ಎಂದು ಆಪರೇಷನ್ನಿನ ಹಿಂದಿನ ದಿನ ಆಕೆ ಕೇಳಿದ್ದರು. "ಹೊಸ ಹಲ್ಲು ಕಟ್ಟಿಸೋಣ, ಕಡೀರಂತೆ" ಎಂದಿದ್ದೆ. ಹದಿಮೂರು ಗಂಟೆ ನಿಂತು ಹೊಲಿದೆ.

ಮಾರನೆಯ ಮಧ್ಯಾಹ್ನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಗಂಟೆಗೊಮ್ಮೆ ನರ್ಸ್ ಆ ಹೊಸ ಚರ್ಮಕ್ಕೆ ಸೂಜಿ ಚುಚ್ಚಿ ನೋಡುತ್ತಾಳೆ. ಕೆಂಪು ರಕ್ತ ಬಂದರೆ ಕ್ಷೇಮ. ಕಪ್ಪಗೆ ಬಂದರೆ ರಕ್ತ ಹಿಂದಿರುಗುವ ದಾರಿ ಮುಚ್ಚಿದೆ ಎಂದರ್ಥ. ನಾಲ್ಕೂವರೆಗೆ ಮತ್ತೆ ಬಿಚ್ಚಿದೆವು. ಹೆಪ್ಪು ಎಷ್ಟಿತ್ತು ಗೊತ್ತಾ? ಅಕ್ಕಿಕಾಳಿನಷ್ಟೂ ಇಲ್ಲ. ತೆಗೆದು ಮತ್ತೆ ಹೊಲಿದೆ. ತಡವಾಗಿತ್ತು. ಮೂರನೆಯ ದಿನ ಕೂರಿಸಿದ್ದನ್ನೆಲ್ಲ ಕಿತ್ತು ತೆಗೆಯಬೇಕಾಯಿತು.

ದೊಡ್ಡ ಡಾಕ್ಟರು ದಾಖಲೆ ತಿರುವಿ, "ನಾಲ್ಕಕ್ಕೆ ಗೊತ್ತಾಗಿದೆ, ನಾಲ್ಕೂವರೆಗೆ ಒಳಗೆ ತಗೊಂಡಿದೀಯ. ಇನ್ನೇನಮ್ಮ ಮಾಡೋಕಾಗುತ್ತೆ? ಮನಸ್ಸಿಗೆ ಹಚ್ಕೋಬೇಡ" ಎಂದರು. ಟೈಲರಮ್ಮನಿಗೆ ಮಾತಾಡಲಾಗುವುದಿಲ್ಲ, ಗಂಟಲಲ್ಲಿ ಕೊಳವೆ ಇದೆ. ನಿನ್ನೆ ಸ್ಲೇಟಿನ ಮೇಲೆ, "ಊಟ ಆಯ್ತಾ? ಸೋತು ಹೋಗಿದೀರಿ" ಎಂದು ಬರೆದು ನನಗೆ ತೋರಿಸಿದರು. ಆಯ್ತು ಎಂದೆ. ಆಗಿರಲಿಲ್ಲ. ಸಾಕಾಗಿದೆ ಅಕ್ಕ.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ, ತಣ್ಣಗಿರಲಿ.

ನಿನ್ನ ತಂಗಿ,
ಮೊಂಡಿ

ತಾ.ಕ.: ರಕ್ತ ಕಪ್ಪಗಿದೆ ಎಂದು ನರ್ಸ್ ಎರಡು ಗಂಟೆಗೇ ಬಂದು ಹೇಳಿದ್ದಳು. ನಾನು ಮೇಜಿಗೆ ತಲೆಯಾನಿಸಿದ್ದೆ. ಸ್ವಲ್ಪ ತಡೆದು ನೋಡೋಣ ಎಂದೆ. ಮೂರಕ್ಕೆ ಮತ್ತೆ ಬಂದಳು. "ಹೊಲಿದವಳು ನಾನಮ್ಮ, ನಂಗೆ ಗೊತ್ತಿಲ್ವಾ?" ಎಂದು ರೇಗಿದೆ. ಆಮೇಲೆ ದಾಖಲೆಯಲ್ಲಿ ನಾಲ್ಕಕ್ಕೆ ಗೊತ್ತಾಯಿತು ಎಂದು ಬರೆದೆ. ಅವಳು ಅದನ್ನು ಓದಿದಳು, ನನ್ನ ಮುಖ ನೋಡಿದಳು, ಕೆಳಗೆ ಸಹಿ ಹಾಕಿದಳು.